ಮಹಾಪ್ರಬಂಧದ ಮೇಲೆ ಕುಳಿತು ಊಟ ಮಾಡುವುದನ್ನು ನಿಷೇಧಿಸುವ ಬಗ್ಗೆ

ಡಾಕ್ಟರೇಟ್ ಶಾಖೆ, ಶಿಕ್ಷಣ ನಿಕಾಯ
ಎರಡನೇ ಮಹಡಿ, ಕೈ ತೊಳೆಯುವ ತೊಟ್ಟಿಯ ಎದುರು

ಸಂಖ್ಯೆ: ಡಾ.ಶಾ/ಕಲೆ/ಬೆಂಚು/114
ದಿನಾಂಕ: ಅಕ್ಟೋಬರ್ 18

ಸುತ್ತೋಲೆ

ವಿಷಯ: ಶಿಕ್ಷಣ ಶಾಸ್ತ್ರದ ಡಾಕ್ಟರೇಟ್ ಸಂಶೋಧನೆಯಲ್ಲಿ ಕಲೆಯನ್ನು ಆಧರಿಸಿದ ವಿಧಾನಗಳಿಂದ ತಯಾರಾದ ಮಹಾಪ್ರಬಂಧಗಳನ್ನು ಗುರುತಿಸುವುದು, ಸ್ವೀಕರಿಸುವುದು, ಓದುವುದು ಹಾಗೂ ಅವುಗಳ ಮೇಲೆ ಕುಳಿತುಕೊಳ್ಳದಿರುವುದರ ಬಗ್ಗೆ.

ಉಲ್ಲೇಖ:
1) ವಿದ್ಯಾ ಮಂಡಳಿ ಸಭೆಯ ನಡವಳಿ, ಊಟಕ್ಕೆ ಮುಂಚಿನ ಕೊನೆಯ ವಿಷಯ.
2) ಅಭ್ಯರ್ಥಿಯ ಮನವಿಗಳು, ಒಟ್ಟು ಆರು (ಆರಕ್ಕೂ ಒಂದೇ ಉತ್ತರ ನೀಡಲಾಗಿದೆ).
3) ಉಗ್ರಾಣಪಾಲಕರ ದಾಸ್ತಾನು ವಹಿ, ಪುಟ 61, 'ಬೆಂಚುಗಳು'.
4) ವಿಷಯ ನಿರ್ವಾಹಕರ ಲಿಖಿತ ಸಮಜಾಯಿಷಿ, ಕಚೇರಿ ವೇಳೆಯಲ್ಲಿ ಬೆಂಚಿನ ಕೆಳಗೆ ಒಂದು ಗಂಟೆ ಹತ್ತು ನಿಮಿಷ ಮಲಗಿದ್ದ ಬಗ್ಗೆ.

ಹಿನ್ನೆಲೆ

ಶಿಕ್ಷಣ ಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡುವವರು ತಮ್ಮ ಸಂಶೋಧನೆಯನ್ನು ಬರಹದಲ್ಲಷ್ಟೇ ಅಲ್ಲದೆ ಚಿತ್ರ, ನಾಟಕ, ನೃತ್ಯ, ಹಾಡು, ಹೊಲಿಗೆ, ಮಣ್ಣಿನ ಕೆಲಸ ಇತ್ಯಾದಿಗಳ ಮೂಲಕವೂ ನಡೆಸಿ ಸಲ್ಲಿಸಬಹುದೆಂದು ಉಲ್ಲೇಖ (1)ರಲ್ಲಿ ತೀರ್ಮಾನವಾಗಿರುತ್ತದೆ. ಪಕ್ಕದ ಕೋಣೆಯಿಂದ ಅಡುಗೆಯ ವಾಸನೆ ಬರುತ್ತಿದ್ದ ಕಾರಣ ಸದರಿ ವಿಷಯವು ಯಾವ ಚರ್ಚೆಯೂ ಇಲ್ಲದೆ ಸರ್ವಾನುಮತದಿಂದ ಅಂಗೀಕಾರವಾಯಿತು. 'ಇತ್ಯಾದಿ' ಎಂಬ ಪದದೊಳಗೆ ಏನೇನು ಬಂದು ಕೂರಬಹುದೆಂದು ಆಗ ಯಾರೂ ಕೇಳಲಿಲ್ಲ. ಕೇಳಿದ್ದರೆ ಊಟ ತಡವಾಗುತ್ತಿತ್ತು.

ಅದರಂತೆ ಇಪ್ಪತ್ತೆರಡು ವರ್ಷಗಳಿಂದ ಪ್ರಾಥಮಿಕ ಶಾಲೆಯೊಂದರಲ್ಲಿ ಪಾಠ ಮಾಡುತ್ತಿರುವ ಶಿಕ್ಷಕಿಯೊಬ್ಬರು (ಇನ್ನು ಮುಂದೆ 'ಅಭ್ಯರ್ಥಿ') 'ಕೊನೆಯ ಬೆಂಚಿನ ಮಕ್ಕಳು ಏನನ್ನು ಕಲಿಯುತ್ತಾರೆ' ಎಂಬ ವಿಷಯದ ಮೇಲೆ ಏಳು ವರ್ಷಗಳಿಂದ ಸಂಶೋಧನೆ ನಡೆಸುತ್ತಿದ್ದರು. ಮೊದಲೆರಡು ವರ್ಷ ಅವರು ಮಕ್ಕಳಿಗೆ ಪ್ರಶ್ನಾವಳಿ ಹಂಚಿದರು. ಕೊನೆಯ ಬೆಂಚಿನ ಮಕ್ಕಳು ಎಲ್ಲ ನಲವತ್ತು ಪ್ರಶ್ನೆಗಳಿಗೂ 'ಹೌದು' ಎಂದು ಬರೆದುಕೊಟ್ಟು ಆಟಕ್ಕೆ ಓಡಿದರು. ಅವುಗಳಲ್ಲಿ 'ನಿಮ್ಮ ವಯಸ್ಸೆಷ್ಟು' ಎಂಬ ಪ್ರಶ್ನೆಯೂ ಇತ್ತು. ಆಗ ಅಭ್ಯರ್ಥಿಯು ಪ್ರಶ್ನಾವಳಿಯನ್ನು ಬದಿಗಿಟ್ಟು, ತಮ್ಮ ಶಾಲೆಯ ಮುರಿದ ಬೆಂಚುಗಳ ಹಲಗೆಗಳನ್ನು ಒಟ್ಟುಮಾಡಿ, ಬಡಗಿಯಾಗಿರುವ ತಮ್ಮ ಸ್ವಂತ ಅಣ್ಣನಿಂದ ಆರಡಿ ಉದ್ದದ ಒಂದು ಬೆಂಚನ್ನು ಮಾಡಿಸಿ, ಅದರ ತಳಭಾಗದಲ್ಲಿ ಮೂವತ್ತೊಂದು ಮಕ್ಕಳಿಂದ ಬರೆಸಿದರು, ಕೆತ್ತಿಸಿದರು, ಬಣ್ಣ ಹಚ್ಚಿಸಿದರು. ಮಕ್ಕಳು ತಮಗೆ ಅನಿಸಿದ್ದನ್ನು ಬೆಂಚಿನ ಮೇಲೆ ಬರೆಯುವುದಿಲ್ಲ, ಕೆಳಗೆ ಬರೆಯುತ್ತಾರೆ ಎಂಬುದು ಅವರ ಮುಖ್ಯ ಶೋಧನೆ. ಬೆಂಚೇ ಮಹಾಪ್ರಬಂಧ. ಬೇರೆ ಪುಸ್ತಕ ಇರುವುದಿಲ್ಲ.

ಸದರಿ ಬೆಂಚನ್ನು ಮಾರ್ಚ್ 9ರಂದು ಅಣ್ಣ ತಂಗಿ ಇಬ್ಬರೂ ತಳ್ಳುಗಾಡಿಯಲ್ಲಿ ತಂದು, ಎರಡು ಮಹಡಿ ಹೊತ್ತು, ಬೆವರು ಒರೆಸಿಕೊಳ್ಳುತ್ತಾ ನಿಂತಾಗ ಟಪಾಲು ಗುಮಾಸ್ತೆ ಊಟಕ್ಕೆ ಹೋಗಿದ್ದರು. ಮರ್ಯಾದಸ್ಥನೆಂದೇ ಹೆಸರಾದ ಅಟೆಂಡರ್ "ಇಲ್ಲೇ ಇಡೀಮ್ಮಾ, ನಾನು ಹೇಳ್ತೀನಿ" ಎಂದು ಸೂಚನಾ ಫಲಕದ ಕೆಳಗೆ ಇಡಿಸಿ, ಆಮೇಲೆ ಮರೆತರು. ಅಂದು ಮಧ್ಯಾಹ್ನ ಮೂರಕ್ಕೆ ವಾರ್ಷಿಕ ದಾಸ್ತಾನು ತಪಾಸಣೆಗೆ ಹೊರಟ ಉಗ್ರಾಣಪಾಲಕರ ಕಣ್ಣಿಗೆ ನಂಬರಿಲ್ಲದ ಬೆಂಚೊಂದು ಬಿದ್ದು ಅವರ ಮೈಯೆಲ್ಲ ಉರಿಯಿತು. ಅವರು ನಿಂತ ನಿಲುವಿನಲ್ಲೇ ಬಿಳಿ ಬಣ್ಣ ತರಿಸಿ, ಬೆಂಚಿನ ಮುಂಬದಿಯ ಪಟ್ಟಿಯಲ್ಲಿದ್ದ ಪ್ರಬಂಧದ ಶೀರ್ಷಿಕೆಯ ಮೇಲೆಯೇ 'ಪೀಠೋಪಕರಣ 114, 9 ಮಾರ್ಚ್' ಎಂದು ದಪ್ಪಗೆ ಬರೆದು, ಪಕ್ಕದಲ್ಲಿ ಸಹಿ ಮಾಡಿ, ವಹಿಗೆ ಏರಿಸಿಬಿಟ್ಟರು. ಆ ಕ್ಷಣದಿಂದ ಮಹಾಪ್ರಬಂಧವು ಕಚೇರಿಯ ಬೆಂಚಾಗಿ ಸೇವೆಗೆ ಸೇರಿರುತ್ತದೆ.

ಅಭ್ಯರ್ಥಿಯು ತಿಂಗಳಿಗೊಮ್ಮೆ ಬಂದು ಪ್ರಬಂಧ ಏನಾಯಿತೆಂದು ವಿಚಾರಿಸುತ್ತಿದ್ದರು. ಈ ಶಾಖೆಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಇರುವ ವಿಷಯ ನಿರ್ವಾಹಕರು ಪ್ರತಿ ಸಲವೂ ಕಡತ ತಿರುವಿಹಾಕಿ "ಇನ್ನೂ ಬಂದಿಲ್ಲಮ್ಮ, ಬಂದ್ರೆ ತಿಳಿಸ್ತೀವಿ. ಅಲ್ಲಿ ಬೆಂಚಿದೆ, ಕೂತ್ಕೊಂಡಿರಿ" ಎನ್ನುತ್ತಿದ್ದರು. ಮೂರನೆಯ ಸಲ ಅಭ್ಯರ್ಥಿಯು "ಸರ್, ನಾನು ಕೂತಿರೋದೇ ನನ್ನ ಥೀಸಿಸ್ಸು" ಎಂದದ್ದು ದಾಖಲೆಯಲ್ಲಿದೆ. ಅದಕ್ಕೆ ವಿಷಯ ನಿರ್ವಾಹಕರು ಟಿಪ್ಪಣಿ ಹಾಳೆಯಲ್ಲಿ ಬರೆದಿರುವುದು: 'ಅಭ್ಯರ್ಥಿಯು ಬಳಲಿದಂತೆ ಕಂಡುಬಂದ ಕಾರಣ ಒಂದು ಲೋಟ ನೀರು ಕೊಡಲಾಯಿತು.'

ವಿಷಯ ನಿರ್ವಾಹಕರು ಇದೇ ಬೆಂಚಿನ ಎಡತುದಿಯಲ್ಲಿ ಕುಳಿತು ಆರೂವರೆ ತಿಂಗಳು ಮಧ್ಯಾಹ್ನದ ಊಟ ಮಾಡಿರುತ್ತಾರೆ. ಸೆಪ್ಟೆಂಬರ್ 24ರಂದು ಅವರು ಊಟಕ್ಕೆ ಕುಳಿತವರು ಮರಳಿ ಮೇಜಿಗೆ ಬರಲಿಲ್ಲ. ಹುಡುಕಲಾಗಿ ಕಾರಿಡಾರಿನಲ್ಲಿ ಎರಡು ಕಾಲುಗಳು ಮಾತ್ರ ಕಂಡುಬಂದವು. ಅವರ ಸಮಜಾಯಿಷಿಯ ಸಂಬಂಧಪಟ್ಟ ಭಾಗ ಹೀಗಿದೆ:

"ಸರ್, ಡಬ್ಬಿ ಮುಚ್ಚಳ ಉರುಳ್ಕೊಂಡು ಬೆಂಚಿನ ಕೆಳಗೆ ಹೋಯ್ತು. ಬಗ್ಗಿದೆ, ಕೈಗೆ ಸಿಗಲಿಲ್ಲ. ಪೂರ್ತಿ ಒಳಗೆ ತೂರಿದೆ. ಮುಚ್ಚಳ ಸಿಕ್ತು. ಹಾಗೇ ಮೇಲೆ ನೋಡಿದೆ. ಒಂದು ಮಗು ಬರೆದಿತ್ತು, 'ಇಲ್ಲಿಂದ ಬೋರ್ಡು ಕಾಣಲ್ಲ, ತಲೆಗಳು ಕಾಣುತ್ವೆ, ಇವತ್ತು ಮೂವತ್ತೆಂಟು ತಲೆ, ಅದರಲ್ಲಿ ಒಂದು ನಿದ್ದೆ ಮಾಡ್ತಿದೆ' ಅಂತ. ನಗು ಬಂತು. ಅದರ ಪಕ್ಕದಲ್ಲಿ ಇನ್ನೊಂದು ಮಗು, 'ಹಾಜರಿ ಕೂಗಿದಾಗ ಬಂದಿದೀನಿ ಟೀಚರ್ ಅಂದೆ. ಕೇಳಿಸಲಿಲ್ಲ. ಗೈರುಹಾಜರಿ ಹಾಕಿದ್ರು. ನಾನು ಇಲ್ಲೇ ಇದ್ದೆ' ಅಂತ ಬರೆದಿತ್ತು. ಆಮೇಲೆ ನಂಗೆ ಏಳೋಕೆ ಆಗಲಿಲ್ಲ ಸರ್. ಆರು ತಿಂಗಳಿಂದ ನಾನೂ ಆ ಯಮ್ಮನಿಗೆ ಅದನ್ನೇ ಮಾಡಿದೀನಿ. ಬಂದಿಲ್ಲ ಬಂದಿಲ್ಲ ಅಂತ ಅದರ ಮೇಲೇ ಕೂತ್ಕೊಂಡು ಹೇಳಿದೀನಿ."

ವಿಷಯ ನಿರ್ವಾಹಕರಿಗೆ ನಾಚಿಕೆಯಾಗಿರುತ್ತದೆ. ಕಚೇರಿಯ ನಮೂನೆಯಲ್ಲಿ ನಾಚಿಕೆಗೆ ಪ್ರತ್ಯೇಕ ಕಾಲಂ ಇಲ್ಲದ ಕಾರಣ ಅದನ್ನು 'ಷರಾ' ಕಾಲಂನಲ್ಲಿ ನಮೂದಿಸಲಾಗಿದೆ.

ಆದರೆ ಅಷ್ಟರಲ್ಲಿ ಅಭ್ಯರ್ಥಿಯ ಕುತ್ತಿಗೆಗೆ ಬಂದಿತ್ತು. ಅವರ ನೋಂದಣಿಯ ಅವಧಿ ಸೆಪ್ಟೆಂಬರ್ 30ಕ್ಕೆ ಮುಗಿಯುತ್ತಿತ್ತು. ಅಷ್ಟರೊಳಗೆ ಮೌಖಿಕ ಪರೀಕ್ಷೆ ಮುಗಿಯದಿದ್ದರೆ ನೋಂದಣಿ ರದ್ದಾಗಿ ಏಳು ವರ್ಷದ ಕೆಲಸ ನೀರಿನಲ್ಲಿ ಹೋಮ ಮಾಡಿದಂತಾಗುತ್ತಿತ್ತು. ಮೌಖಿಕ ಪರೀಕ್ಷೆ ನಡೆಯಬೇಕಾದರೆ ಪ್ರಬಂಧವು ಕಚೇರಿಗೆ ಬಂದು ಕನಿಷ್ಠ ಆರು ತಿಂಗಳು ಸುಮ್ಮನೆ ಬಿದ್ದಿರಬೇಕು. ಇದಕ್ಕೆ ನಿಯಮಾವಳಿಯಲ್ಲಿ 'ಪರಿಶೀಲನೆ' ಎನ್ನಲಾಗಿದೆ. ಕಡತದ ಪ್ರಕಾರ ಪ್ರಬಂಧ ಬಂದೇ ಇರಲಿಲ್ಲ. ಉಳಿದದ್ದು ಆರು ದಿನ. ಮುಂದೇನಾಯಿತೆಂಬುದು ಕಂಡಿಕೆ 7 ಮತ್ತು 8ರಲ್ಲಿದ್ದು, ಸಿಬ್ಬಂದಿಯು ನಡುವಿನ ಕಂಡಿಕೆಗಳನ್ನು ಹಾರಿ ಅಲ್ಲಿಗೆ ಹೋಗತಕ್ಕದ್ದಲ್ಲ.

ಮೇಲ್ಕಂಡ ಮುಜುಗರವು ಮರುಕಳಿಸದಂತೆ ಈ ಕೆಳಗಿನ ಸೂಚನೆಗಳನ್ನು ಜಾರಿಗೊಳಿಸಲಾಗಿದೆ.

1. ಗುರುತಿಸುವುದು. ಕಚೇರಿಗೆ ಬರುವ ಯಾವುದೇ ವಸ್ತುವಿನ ಮೇಲೆ ಕೂರುವ, ಒರಗುವ, ಛತ್ರಿ ನೇತುಹಾಕುವ ಅಥವಾ ಕೈ ಒರೆಸುವ ಮುನ್ನ "ಇದು ಮಹಾಪ್ರಬಂಧವೇ?" ಎಂದು ವಿಚಾರಿಸತಕ್ಕದ್ದು. ಪ್ರಶ್ನೆಯನ್ನು ತಂದವರಿಗೆ ಕೇಳತಕ್ಕದ್ದೇ ಹೊರತು ವಸ್ತುವಿಗಲ್ಲ. ಈ ಸೂಚನೆ ಮೌಖಿಕವಾಗಿ ಹೊರಟ ಮೊದಲ ವಾರದಲ್ಲೇ ಟಪಾಲು ಗುಮಾಸ್ತೆಯು ಕುಡಿಯುವ ನೀರಿನ ಕ್ಯಾನ್ ತಂದವನನ್ನು ತಡೆದು ಹೀಗೆ ಕೇಳಿದ್ದು, ಆತ "ಗೊತ್ತಿಲ್ಲ ಸಾರ್, ಓನರ್‌ನ ಕೇಳಿ ಹೇಳ್ತೀನಿ" ಎಂದು ಹೋದವನು ಬಂದಿರುವುದಿಲ್ಲ. ಸದರಿ ಕ್ಯಾನ್ ಪರಿಶೀಲನೆಯಲ್ಲಿದೆ. ಅದರ ನೀರನ್ನು ಯಾರೂ ಕುಡಿಯತಕ್ಕದ್ದಲ್ಲ.

2. ಮೊಹರು ಒತ್ತುವುದು. ನೃತ್ಯದ ರೂಪದಲ್ಲಿರುವ ಪ್ರಬಂಧಕ್ಕೆ ಸ್ವೀಕೃತಿ ಮೊಹರು ಒತ್ತುವಾಗ ಅಭ್ಯರ್ಥಿಯು ನೃತ್ಯವನ್ನು ನಿಲ್ಲಿಸತಕ್ಕದ್ದು. ಟಪಾಲು ಗುಮಾಸ್ತೆಯು ಮೊಹರು ಹಿಡಿದು ಅವರ ಹಿಂದೆ ಓಡತಕ್ಕದ್ದಲ್ಲ. ಯಾವುದೇ ಸಂದರ್ಭದಲ್ಲೂ ಮೊಹರನ್ನು ಅಭ್ಯರ್ಥಿಯ ಹಣೆಗೆ ಒತ್ತತಕ್ಕದ್ದಲ್ಲ. ಒಮ್ಮೆ ಒತ್ತಿರುವುದಕ್ಕೆ ಈ ಮೂಲಕ ವಿಷಾದಿಸಲಾಗಿದೆ.

3. ನಮೂನೆ. ಎಲ್ಲ ಮಹಾಪ್ರಬಂಧಗಳಿಗೂ ಅನ್ವಯಿಸುವ ನಿಯಮಗಳು ಕಲೆಯ ಪ್ರಬಂಧಗಳಿಗೂ ಅನ್ವಯಿಸುತ್ತವೆ. ಕಲೆ ಎಂದ ಮಾತ್ರಕ್ಕೆ ಅಂಚು ಬಿಡದೆ ಇರಲಾಗದು.

ಅ) ನಾಟಕವಾದಲ್ಲಿ, ಪ್ರತಿ ಎರಡು ನಿಮಿಷಕ್ಕೊಮ್ಮೆ ಒಬ್ಬ ಪಾತ್ರಧಾರಿಯು ಮುಂದೆ ಬಂದು ಪುಟಸಂಖ್ಯೆಯನ್ನು ಹೇಳಿ ಹಿಂದೆ ಸರಿಯತಕ್ಕದ್ದು. ಸಾಯುವ ಪಾತ್ರದವರಿಗೆ ಈ ಕೆಲಸ ಕೊಟ್ಟಲ್ಲಿ ಅವರು ಸತ್ತ ಮೇಲೂ ಹೇಳತಕ್ಕದ್ದು.

ಆ) ಹಾಡಾದಲ್ಲಿ, ಸಾಲಿನಿಂದ ಸಾಲಿಗೆ ಒಂದೂವರೆ ಅಂತರವಿರತಕ್ಕದ್ದು. ಅಂದರೆ ಒಂದು ಪೂರ್ತಿ ಉಸಿರು ಮತ್ತು ಅರ್ಧ ಉಸಿರು. ಉಳಿದರ್ಧ ಉಸಿರನ್ನು ಅಭ್ಯರ್ಥಿಯು ತಮ್ಮ ಜವಾಬ್ದಾರಿಯಲ್ಲಿ ಇಟ್ಟುಕೊಳ್ಳತಕ್ಕದ್ದು.

ಇ) ಮಣ್ಣಿನ ಕೆಲಸವಾದಲ್ಲಿ, ಎಡಗಡೆ ಒಂದೂವರೆ ಇಂಚು ಅಂಚು ಬಿಡತಕ್ಕದ್ದು. ದುಂಡಗಿನ ವಸ್ತುವಿಗೆ ಎಡಗಡೆ ಯಾವುದೆಂಬುದನ್ನು ತ್ರಿಸದಸ್ಯ ಸಮಿತಿಯು ತೀರ್ಮಾನಿಸುವುದು. ಸಮಿತಿಯು ಈವರೆಗೆ ಎರಡು ಸಲ ಸೇರಿ, ಮಡಕೆಯನ್ನು ಸುತ್ತಿ, ಚದುರಿರುತ್ತದೆ.

ಈ) ಐದು ಪ್ರತಿಗಳು ಕಡ್ಡಾಯ. ಪ್ರಸ್ತುತ ಪ್ರಕರಣದಲ್ಲಿ ಅಭ್ಯರ್ಥಿಯ ಅಣ್ಣನನ್ನು ಉಳಿದ ನಾಲ್ಕು ಬೆಂಚು ಎಲ್ಲಿ ಎಂದು ಕೇಳಲಾಗಿ, "ಮಾಡಿಕೊಡ್ತೀನಿ ಸ್ವಾಮಿ, ನೀವು ಮಕ್ಕಳನ್ನ ಐದೈದು ಪ್ರತಿ ಮಾಡ್ಕೊಂಡು ಬನ್ನಿ" ಎಂದಿರುತ್ತಾರೆ. ಈ ಉತ್ತರವು ಉದ್ಧಟತನವೋ ಸಲಹೆಯೋ ಎಂದು ಕಾನೂನು ಕೋಶದ ಅಭಿಪ್ರಾಯ ಕೋರಲಾಗಿದೆ.

4. ಕೃತಿಚೌರ್ಯ ತಪಾಸಣೆ. ಸದರಿ ಬೆಂಚನ್ನು ಸೆಪ್ಟೆಂಬರ್ 25ರಂದು ಗ್ರಂಥಾಲಯದ ಬೆಂಚುಗಳೊಂದಿಗೆ ಹೋಲಿಸಿ ನೋಡಲಾಗಿ ನೂರಕ್ಕೆ ತೊಂಬತ್ತಾರು ಸಾಮ್ಯ ಕಂಡುಬಂದಿದೆ. ಎರಡಕ್ಕೂ ನಾಲ್ಕೇ ಕಾಲು. ಕಾಲುಗಳನ್ನು ಅಭ್ಯರ್ಥಿಯು ಸ್ವಂತ ರೀತಿಯಲ್ಲಿ ತಿದ್ದಿ ಬರೆಯುವಂತೆ ಸೂಚಿಸಲಾಯಿತು. ಅಣ್ಣನವರು ಗರಗಸ ಸಮೇತ ಹಾಜರಾಗಿ "ಒಂದು ತೆಗೀಲಾ, ಎರಡು ತೆಗೀಲಾ?" ಎಂದು ಕೇಳಿದ ಮೇಲೆ ಸೂಚನೆಯನ್ನು ಹಿಂಪಡೆಯಲಾಗಿದೆ. ಇನ್ನು ಮುಂದೆ ಸಾಮ್ಯವನ್ನು ತಳಭಾಗದಲ್ಲಿ ಮಾತ್ರ ನೋಡತಕ್ಕದ್ದು. ಗ್ರಂಥಾಲಯದ ಬೆಂಚುಗಳ ತಳಭಾಗವನ್ನೂ ಇದೇ ನೆಪದಲ್ಲಿ ನೋಡಲಾಗಿದ್ದು, ಅಲ್ಲಿ ಗ್ರಂಥಪಾಲಕರ ಬಗ್ಗೆ ಬರೆದಿರುವುದನ್ನು ಇಲ್ಲಿ ಉಲ್ಲೇಖಿಸಲು ಬರುವುದಿಲ್ಲ.

5. ಪೀಠೋಪಕರಣದ ಬಿಡುಗಡೆ. ಬೆಂಚನ್ನು ಪರೀಕ್ಷಕರಿಗೆ ಕಳಿಸಿಕೊಡುವಂತೆ ವಿಷಯ ನಿರ್ವಾಹಕರು ಉಗ್ರಾಣಪಾಲಕರನ್ನು ಕೋರಿದರು. ಉಗ್ರಾಣಪಾಲಕರು ವಹಿಯನ್ನು ಎದೆಗವಚಿಕೊಂಡು "ವಹಿಗೆ ಏರಿದ್ದು ಹೊರಗೆ ಹೋಗ್ಬೇಕಾದ್ರೆ ನಿರುಪಯುಕ್ತ ಅಂತ ಸರ್ಟಿಫಿಕೇಟ್ ಆಗ್ಬೇಕು ಕಣ್ರೀ" ಎಂದರು. ನಿರುಪಯುಕ್ತವೆಂದು ಪ್ರಮಾಣೀಕರಿಸಲು ಸಮಿತಿಯೂ ಸಿದ್ಧವಿತ್ತು, ಅರ್ಜಿಯೂ ತಯಾರಾಯಿತು. ಆಗ ವಿಷಯ ನಿರ್ವಾಹಕರಿಗೆ ಹೊಳೆದದ್ದೇನೆಂದರೆ, ನಿರುಪಯುಕ್ತವೆಂದು ಕಚೇರಿಯೇ ಬರೆದುಕೊಟ್ಟ ಮಹಾಪ್ರಬಂಧಕ್ಕೆ ಪದವಿ ಕೊಡಲು ಬರುವುದಿಲ್ಲ. ಉಪಯುಕ್ತವಾದರೆ ಹೊರಗೆ ಹೋಗದು, ಹೊರಗೆ ಹೋದರೆ ಉಪಯುಕ್ತವಲ್ಲ. ಅಭ್ಯರ್ಥಿಯು ಆ ದಿನ ಮೊದಲ ಬಾರಿಗೆ ಬೆಂಚಿನ ಮೇಲೆ ಕೂರದೆ ಗೋಡೆಗೊರಗಿ ನಿಂತಿದ್ದರು. ವಿಷಯ ನಿರ್ವಾಹಕರಿಗೆ ಆ ದಿನ ಊಟ ಸೇರಲಿಲ್ಲ. ಈ ಕೊನೆಯ ವಾಕ್ಯವನ್ನು ಕರಡಿನಿಂದ ತೆಗೆಯಲು ಸೂಚಿಸಲಾಗಿತ್ತು, ತೆಗೆಯುವುದು ಮರೆತುಹೋಗಿದೆ.

6. ಪೀಠೋಪಕರಣದ ಬಳಕೆ. ಪೀಠೋಪಕರಣ ನಿಯಮಾವಳಿಯನ್ನು ವಿಷಯ ನಿರ್ವಾಹಕರು ಎರಡು ದಿನ ಬಿಡದೆ ಓದಿದರು. ಅದನ್ನು ಪೂರ್ತಿ ಓದಿದ ಮೊದಲ ಮನುಷ್ಯ ಅವರೇ ಇರಬಹುದು. ಅದರಲ್ಲಿ 'ಕಚೇರಿಯ ಬೆಂಚನ್ನು ಕಚೇರಿಯೊಳಗೆ ಯಾರೂ ಯಾವ ಭಂಗಿಯಲ್ಲೂ ಬಳಸಬಹುದು, ಅನುಮತಿ ಬೇಕಿಲ್ಲ' ಎಂದಿದೆ. ಬೆಂಚು ಪರೀಕ್ಷಕರ ಬಳಿ ಹೋಗಲಾಗದು. ಪರೀಕ್ಷಕರು ಬೆಂಚಿನ ಬಳಿ ಬರಬಹುದು. ಬಂದು ಕೆಳಗೆ ಮಲಗಿದರೆ ಅದು ಪೀಠೋಪಕರಣದ ಬಳಕೆಯಷ್ಟೇ. ಉಗ್ರಾಣಪಾಲಕರು ಆ ಪುಟವನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಹಿಂಭಾಗವನ್ನೂ ನೋಡಿ, ಒಪ್ಪಿರುತ್ತಾರೆ. ಆದ್ದರಿಂದ ಇನ್ನು ಮುಂದೆ ಇಂಥ ಮೌಖಿಕ ಪರೀಕ್ಷೆಗಳನ್ನು ಕಾರಿಡಾರಿನಲ್ಲಿ ನಡೆಸತಕ್ಕದ್ದು. ಆ ವೇಳೆಯಲ್ಲಿ ಕೈ ತೊಳೆಯಲು ಬರುವವರು ಪರೀಕ್ಷಕರನ್ನು ದಾಟಿ ಹೋಗತಕ್ಕದ್ದು, ತುಳಿದು ಅಲ್ಲ.

7. ಸ್ವೀಕೃತಿಯ ದಿನಾಂಕ. ಇಷ್ಟಾದರೂ ಪ್ರಬಂಧ ಎಂದು ಬಂತೆಂಬುದಕ್ಕೆ ಪುರಾವೆ ಇರಲಿಲ್ಲ. ಟಪಾಲು ಗುಮಾಸ್ತೆಯು ಹಳೆಯ ದಿನಾಂಕ ಹಾಕಲು ಒಪ್ಪಲಿಲ್ಲ. ಅಟೆಂಡರ್ ತಾವೇ ಇಡಿಸಿದ್ದಾಗಿ ಒಪ್ಪಿಕೊಂಡರೂ "ಯಾವತ್ತು?" ಎಂದರೆ "ಸೆಕೆ ಇತ್ತು" ಎಂಬುದಷ್ಟೇ ಅವರ ಹೇಳಿಕೆ. ಸೆಪ್ಟೆಂಬರ್ 28ರ ಸಂಜೆ ವಿಷಯ ನಿರ್ವಾಹಕರು ಸೋತು ಬೆಂಚಿನ ಎದುರು ನೆಲದ ಮೇಲೆ ಕುಳಿತಾಗ ಅವರ ಕಣ್ಣಿನ ಮಟ್ಟಕ್ಕೆ ಸರಿಯಾಗಿ ಇದ್ದದ್ದು ಆ ದರಿದ್ರ ಬಿಳಿ ಬಣ್ಣದ ಬರಹ: 'ಪೀಠೋಪಕರಣ 114, 9 ಮಾರ್ಚ್', ಪಕ್ಕದಲ್ಲಿ ಜವಾಬ್ದಾರಿಯುತ ನೌಕರರೊಬ್ಬರ ಸಹಿ. ಪ್ರಬಂಧದ ಶೀರ್ಷಿಕೆಯನ್ನು ನುಂಗಿದ ಬಣ್ಣವೇ ಪ್ರಬಂಧ ಬಂದ ದಿನವನ್ನು ಹೇಳುತ್ತಿತ್ತು. ಈ ಕಚೇರಿಯಲ್ಲಿ ಬಂದ ವಸ್ತುವಿಗೆ ಬಂದ ದಿನವೇ ದಿನಾಂಕ ಹಾಕಿದ ಏಕೈಕ ದಾಖಲೆ ಅದು. ಉಗ್ರಾಣಪಾಲಕರನ್ನು ಇದು ತಮ್ಮ ಸಹಿಯೇ ಎಂದು ಕೇಳಲಾಗಿ, ಅವರು ಎದೆಯುಬ್ಬಿಸಿ "ನಂದಲ್ದೆ ಇನ್ಯಾರದ್ದು? ನಾನು ಒಂದಿನಾನೂ ತಡ ಮಾಡೋನಲ್ಲ" ಎಂದು ಬರೆದುಕೊಟ್ಟಿರುತ್ತಾರೆ. ಆದ್ದರಿಂದ ಸುಣ್ಣ, ಬಣ್ಣ, ಇದ್ದಿಲು ಯಾವುದರಿಂದ ಬರೆದ ದಿನಾಂಕವಾದರೂ ಸ್ವೀಕೃತಿ ಎಂದೇ ಪರಿಗಣಿಸತಕ್ಕದ್ದು. ಪ್ರಬಂಧವು ಆರು ತಿಂಗಳ ಮೇಲೆ ಹತ್ತೊಂಬತ್ತು ದಿನ ಸುಮ್ಮನೆ ಬಿದ್ದಿದ್ದು ಸಾಬೀತಾದ ಕಾರಣ ಪರಿಶೀಲನೆ ಅತ್ಯುತ್ತಮವಾಗಿ ನಡೆದಿದೆ ಎಂದು ದಾಖಲಿಸಲಾಗಿದೆ.

8. ಪರೀಕ್ಷಕರು ಮಲಗುವ ವಿಧಾನ. ಮೌಖಿಕ ಪರೀಕ್ಷೆಯು ಸೆಪ್ಟೆಂಬರ್ 30ರಂದು, ಅಂದರೆ ಕೊನೆಯ ದಿನ, ಬೆಳಿಗ್ಗೆ ಹನ್ನೊಂದಕ್ಕೆ ನಡೆಯಿತು. ಪರೀಕ್ಷಕರಾಗಿ ಹೊರಗಿನಿಂದ ಬಂದ ಹಿರಿಯ ಪ್ರಾಧ್ಯಾಪಕಿಗೆ ಮೊಣಕಾಲು ನೋವಿತ್ತು. ಅವರಿಗೆ ಬೆಂಚಿನ ಕೆಳಗೆ ಹೋಗಲು ನಾಲ್ಕು ನಿಮಿಷ, ಹೊರಬರಲು ಒಂಬತ್ತು ನಿಮಿಷ ಮತ್ತು ಅಟೆಂಡರ್ ಬೇಕಾಗಿದ್ದನ್ನು ಗಮನದಲ್ಲಿಟ್ಟು ಈ ಕೆಳಗಿನಂತೆ ಸೂಚಿಸಲಾಗಿದೆ:

ಅ) ಪರೀಕ್ಷಕರು ಅಂಗಾತ ಮಲಗತಕ್ಕದ್ದು. ಬೋರಲು ಮಲಗಿ ಓದಿದ್ದೇನೆ ಎಂದು ವರದಿ ಕೊಟ್ಟಲ್ಲಿ ಒಪ್ಪಲಾಗುವುದಿಲ್ಲ.

ಆ) ಚಾಪೆ, ದಿಂಬು ಮತ್ತು ಟಾರ್ಚ್ ಅನ್ನು ಶಾಖೆ ಒದಗಿಸುವುದು. ಎರಡನೇ ದಿಂಬು ಕೇಳುವವರ ಉದ್ದೇಶವನ್ನು ವಿಚಾರಿಸತಕ್ಕದ್ದು.

ಇ) ಗೊರಕೆ ಕೇಳಿಬಂದಲ್ಲಿ ಅದನ್ನು 'ಯಾವುದೇ ಆಕ್ಷೇಪಣೆ ಇಲ್ಲ' ಎಂದು ದಾಖಲಿಸತಕ್ಕದ್ದು.

ಈ) ಮೌನವನ್ನು ಗೊರಕೆ ಎಂದು ತಿಳಿಯತಕ್ಕದ್ದಲ್ಲ. ಪ್ರಸ್ತುತ ಪ್ರಕರಣದಲ್ಲಿ ಪರೀಕ್ಷಕರು ಬಹಳ ಹೊತ್ತು ಸದ್ದಿಲ್ಲದೆ ಇದ್ದುದರಿಂದ ಟಪಾಲು ಗುಮಾಸ್ತೆಯು ಬಗ್ಗಿ ನೋಡಲಾಗಿ, ಅವರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ "ಇನ್ನೊಂದು ಸ್ವಲ್ಪ ಹೊತ್ತು ಬಿಡಪ್ಪಾ" ಎಂದರು.

ಉ) ಪ್ರಶ್ನೆ ಕೇಳುವ ಕಾಲಕ್ಕೆ ಅಭ್ಯರ್ಥಿಯೂ ಪಕ್ಕದಲ್ಲಿ ಮಲಗತಕ್ಕದ್ದು. ನಿಂತ ಅಭ್ಯರ್ಥಿಗೆ ಮಲಗಿದ ಪರೀಕ್ಷಕರು ಪ್ರಶ್ನೆ ಕೇಳುವುದು ಶಿಷ್ಟಾಚಾರಕ್ಕೆ ವಿರುದ್ಧ. ಇಬ್ಬರ ಪಾದಗಳೂ ಒಂದೇ ದಿಕ್ಕಿಗಿರತಕ್ಕದ್ದು.

ಸದರಿ ಪರೀಕ್ಷೆಯ ನಡವಳಿಯನ್ನು ಬೆಂಚಿನ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು ಬರೆದುಕೊಂಡವರು ವಿಷಯ ನಿರ್ವಾಹಕರೇ. ಅದರಿಂದ ಆಯ್ದ ಭಾಗವನ್ನು ಮಾದರಿಯಾಗಿ ಕೊಡಲಾಗಿದೆ.

ಪರೀಕ್ಷಕರು: ಇಷ್ಟೆಲ್ಲ ಆದ್ಮೇಲೆ ಈ ಮಕ್ಕಳು ಈಗೆಲ್ಲಿ ಕೂತ್ಕೋತಾರಮ್ಮಾ?

ಅಭ್ಯರ್ಥಿ: ಅಲ್ಲೇ ಮೇಡಂ. ಮುಂದೆ ಬನ್ರೋ ಅಂತ ಕರೆದೆ, ಒಬ್ಬರೂ ಬರಲಿಲ್ಲ. ಅದಕ್ಕೆ ಬೋರ್ಡನ್ನೇ ಹಿಂದಿನ ಗೋಡೆಗೆ ಹಾಕಿಸ್ದೆ.

ಪರೀಕ್ಷಕರು: ಆಮೇಲೆ?

ಅಭ್ಯರ್ಥಿ: ಮುಂದೆ ಇದ್ದೋರು ಕೊನೆಯ ಬೆಂಚಿನೋರಾದ್ರು. ಈಗ ಅವರು ಬೆಂಚಿನ ಕೆಳಗೆ ಬರೀತಿದಾರೆ. ಮೊದಲಿನೋರಿಗಿಂತ ಜಾಸ್ತಿ ಬೈದಿದಾರೆ ನನ್ನ. ವಾರಕ್ಕೊಂದು ಸಲ ಬೋರ್ಡು ಗೋಡೆ ಬದಲಾಯಿಸ್ತಾ ಇದೀನಿ.

ಪರೀಕ್ಷಕರು (ನಕ್ಕು, ತಲೆ ಬೆಂಚಿಗೆ ಬಡಿಸಿಕೊಂಡು): ಇದೊಂದು ಇದೆಯಲ್ಲ, 'ನಾನು ಇಲ್ಲೇ ಇದ್ದೆ' ಅನ್ನೋದು. ಈ ಮಗುಗೆ ಗೈರುಹಾಜರಿ ಹಾಕಿದ ಟೀಚರ್ ಯಾರು, ಕೇಳಿದ್ರಾ?

ಅಭ್ಯರ್ಥಿ: ನಾನೇ ಮೇಡಂ.

ಅಭ್ಯರ್ಥಿಯೇ ಮುಂದುವರಿಸಿದರು. "ಬೆಂಚು ಮುರಿದಿತ್ತು ಅಂತ ರಿಪೇರಿಗೆ ನಮ್ಮಣ್ಣ ಬಂದ. ಮಗುಚಿ ಹಾಕಿದಾಗ ಈ ಸಾಲು ಕಂಡ್ತು, ಆ ಹಲಗೆನೇ ಇದಕ್ಕೆ ಸೇರಿಸ್ದೆ. ಹಾಜರಿ ಪುಸ್ತಕ ತೆಗೆದು ನೋಡ್ದೆ. ಆ ವರ್ಷ ಅವಳಿಗೆ ಹದಿನೇಳು ಗೈರುಹಾಜರಿ. ಅದರಲ್ಲಿ ಯಾವತ್ತು ಅವಳು ಅಲ್ಲೇ ಇದ್ಲು ಅಂತ ನಂಗೆ ಗೊತ್ತಿಲ್ಲ. ಅದಕ್ಕೇ ಮೇಡಂ ಇಷ್ಟೆಲ್ಲ."

ಪರೀಕ್ಷಕರು ಕೆಳಗೆ ಮಲಗಿದ್ದಂತೆಯೇ ಕೈ ಹೊರಚಾಚಿ "ಆ ಫಾರಂ ಕೊಡಪ್ಪಾ" ಎಂದು ಕೇಳಿ, ಬೆಂಚಿನ ತಳಕ್ಕೆ ಹಾಳೆ ಒತ್ತಿ ಹಿಡಿದು ಪದವಿಗೆ ಶಿಫಾರಸು ಮಾಡಿರುತ್ತಾರೆ. ಮರದ ಉಬ್ಬುತಗ್ಗಿನಿಂದ ಅವರ ಸಹಿ ಸೊಟ್ಟಗಾಗಿದ್ದು, ಅದನ್ನು ನೆಟ್ಟಗೆ ಎಂದೇ ಓದಿಕೊಳ್ಳತಕ್ಕದ್ದು. ಅವರು ಹೊರಬಂದು ಸೀರೆಯ ಧೂಳು ಕೊಡವುವ ಮೊದಲೇ ಅಟೆಂಡರ್ "ಡಾಕ್ಟ್ರಮ್ಮಾ" ಎಂದು ಅಭ್ಯರ್ಥಿಯನ್ನು ಕರೆದರು. ಅಧಿಸೂಚನೆ ಹೊರಡುವ ಮುನ್ನ ಹಾಗೆ ಕರೆಯುವಂತಿಲ್ಲ. ಅಟೆಂಡರಿಗೆ ಎಚ್ಚರಿಕೆ ನೀಡಲಾಗಿದೆ. ಅವರು ಅದನ್ನು ನಗುತ್ತಾ ಸ್ವೀಕರಿಸಿರುತ್ತಾರೆ.

9. ಕುಳಿತುಕೊಳ್ಳುವುದು. ಈ ಶಾಖೆಯು ಬೆಂಚಿನ ಸುತ್ತ ಹಗ್ಗ ಕಟ್ಟಲು ತೀರ್ಮಾನಿಸಿತ್ತು. ಆದರೆ ಡಾಕ್ಟರಮ್ಮನವರು (ಅಧಿಸೂಚನೆ ಈಗ ಹೊರಟಿದೆ) ಬೆಂಚು ಇರುವುದೇ ಕೂರುವುದಕ್ಕೆ, ಜನ ಕೂರದಿದ್ದರೆ ತಮ್ಮ ಪ್ರಬಂಧದ ಅರ್ಧ ಸತ್ತಂತೆ ಎಂದು ಮನವಿ ಸಲ್ಲಿಸಿದ್ದಾರೆ. ಮನವಿಯನ್ನು ಪುರಸ್ಕರಿಸಿ, ಅದರ ಮೇಲೆ ಕೂರಬಹುದು, ಊಟ ಮಾತ್ರ ಮಾಡತಕ್ಕದ್ದಲ್ಲ ಎಂದು ಆದೇಶಿಸಲಾಗಿದೆ. ಕೂರುವವರು ಮೊದಲು ಒಮ್ಮೆ ಕೆಳಗೆ ಮಲಗಿ ಬಂದು ಆಮೇಲೆ ಕೂರತಕ್ಕದ್ದು. ಸಾಲು ಉದ್ದವಾಗುತ್ತಿರುವ ಕಾರಣ ಒಬ್ಬರಿಗೆ ಹತ್ತು ನಿಮಿಷ. ಉಗ್ರಾಣಪಾಲಕರು ನಿನ್ನೆ ಮೂರನೇ ಸಲ ಹೋಗಿರುತ್ತಾರೆ. ಅವರು ಪ್ರತಿ ಸಲವೂ ದಾಸ್ತಾನು ತಪಾಸಣೆ ಎಂದು ನಮೂದಿಸಿದ್ದಾರೆ.

10. ಸಲ್ಲಿಕೆಯ ನಂತರದ ಸೇರ್ಪಡೆ. ಸಲ್ಲಿಸಿದ ಪ್ರಬಂಧಕ್ಕೆ ಯಾರೂ ಏನನ್ನೂ ಸೇರಿಸತಕ್ಕದ್ದಲ್ಲ. ಆದಾಗ್ಯೂ ಬೆಂಚಿನ ಎಡತುದಿಯ ತಳದಲ್ಲಿ, ಮೂವತ್ತೊಂದು ಮಕ್ಕಳ ಬರಹದ ಕೆಳಗೆ, ಕಚೇರಿಯ ನೀಲಿ ಶಾಯಿಯಲ್ಲಿ ಹೊಸದೊಂದು ಸಾಲು ಕಂಡುಬಂದಿದೆ: 'ನಾನೂ ಹಿಂದೆಯೇ ಕೂರುತ್ತಿದ್ದೆ. ಕೇಳಿಸಿತು.' ಬರೆದವರನ್ನು ಪತ್ತೆ ಹಚ್ಚಿ ವರದಿ ಸಲ್ಲಿಸುವ ಹೊಣೆಯನ್ನು ವಿಷಯ ನಿರ್ವಾಹಕರಿಗೇ ವಹಿಸಲಾಗಿದ್ದು, ಅವರು ಕಾಲಾವಕಾಶ ಕೋರಿದ್ದಾರೆ. ಅವರು ಕೇಳಿದಷ್ಟು ಕಾಲಾವಕಾಶವನ್ನು ನೀಡಲಾಗಿದೆ.

ಮೇಲಿನ ಸೂಚನೆಗಳನ್ನು ಮೀರಿದವರನ್ನು ಒಂದು ವಾರ ಕೊನೆಯ ಮೇಜಿಗೆ, ಫ್ಯಾನ್ ಗಾಳಿ ಬರದ ಕಡೆಗೆ, ವರ್ಗಾಯಿಸಲಾಗುವುದು.

(ಸಹಿ)
ಸಹಾಯಕ ಕುಲಸಚಿವರು, ಡಾಕ್ಟರೇಟ್ ಶಾಖೆ
(ಅವರು ಬೆಂಚಿನ ಕೆಳಗೆ ಇರುವ ಕಾರಣ, ಅವರ ಪರವಾಗಿ ವಿಷಯ ನಿರ್ವಾಹಕರು)

ಪ್ರತಿಗಳು:

1. ಟಪಾಲು ಗುಮಾಸ್ತೆಗೆ, ನೀರಿನ ಕ್ಯಾನನ್ನು ಪರಿಶೀಲನೆಯಿಂದ ಬಿಡುಗಡೆ ಮಾಡುವ ಸಲುವಾಗಿ. ಎಲ್ಲರಿಗೂ ಬಾಯಾರಿಕೆಯಾಗಿದೆ.

2. ಉಗ್ರಾಣಪಾಲಕರಿಗೆ, ಬಿಳಿ ಬಣ್ಣದ ಡಬ್ಬಿಯನ್ನು ಒಪ್ಪಿಸುವಂತೆ ಕೋರಿ.

3. ಅಭ್ಯರ್ಥಿಯ ಅಣ್ಣನವರಿಗೆ, ಮಾಹಿತಿಗಾಗಿ. ಗರಗಸ ಅಟೆಂಡರ್ ಬಳಿ ಇದೆ.

4. ಪರೀಕ್ಷಕರಿಗೆ, ಅವರು ಬೆಂಚಿನ ಕೆಳಗೆ ಬಿಟ್ಟುಹೋದ ಕನ್ನಡಕದೊಂದಿಗೆ.

5. ಮೂವತ್ತೊಂದು ಮಕ್ಕಳಿಗೆ, ತಲಾ ಒಂದು ಪ್ರತಿ. ತರಗತಿಯಲ್ಲಿ ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದು ಕೈಗೆ ಕೊಡತಕ್ಕದ್ದು. "ಏಯ್ ಹಿಂದಿನವನೇ" ಎಂದು ಕರೆದು ಕೊಟ್ಟದ್ದು ಕೊಟ್ಟಂತಾಗುವುದಿಲ್ಲ.

6. ಸದರಿ ಶಾಲೆಯ ಮುಖ್ಯ ಶಿಕ್ಷಕರಿಗೆ: 'ನಾನು ಇಲ್ಲೇ ಇದ್ದೆ' ಎಂದು ಬರೆದ ವಿದ್ಯಾರ್ಥಿನಿಯು ಹದಿನೇಳು ದಿನಗಳಲ್ಲಿ ಯಾವ ದಿನ ಇದ್ದಳೆಂದು ತಿಳಿಯಲು ಸಾಧ್ಯವಾಗದ ಕಾರಣ, ಹದಿನೇಳೂ ದಿನ ಇದ್ದಳೆಂದು ಹಾಜರಿ ಪುಸ್ತಕವನ್ನು ತಿದ್ದತಕ್ಕದ್ದು. ತಿದ್ದಿದ ಕಡೆಯಲ್ಲೆಲ್ಲ ಅವಳ ಟೀಚರ್ ಸಹಿ ಮಾಡಲು ಕಾದಿದ್ದಾರೆ.